ಮಟ್ಟ ನೂರಡಿ ಏರಿತು, ನೀರೆಷ್ಟು ಇಳಿಯಿತು?

ಓದುಗರ ಪ್ರಶ್ನೆಗಳಿಗೆ ಉತ್ತರ: ಗಟ್ಟಿ ಶಿಲೆಯ ಸೀಮೆಯಲ್ಲಿ ಅಂತರ್ಜಲ ಮರುಪೂರಣದ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಯಲುಸೀಮೆಯವು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ನೆಲದಡಿ ಇರುವುದು ಗ್ರಾನೈಟ್, ನೈಸ್, ಶಿಸ್ಟ್ ಎಂಬ ಗಟ್ಟಿ ಶಿಲೆಗಳು. ಮರಳು ಮಣ್ಣಿನ ಗಂಗಾ ಬಯಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು 900 ಅಡಿಯ ಬೋರ್. ಮೇ ತಿಂಗಳಲ್ಲಿ ನೀರು 420 ಅಡಿಯಲ್ಲಿತ್ತು, ನವೆಂಬರ್‌ನಲ್ಲಿ 310 ಅಡಿಗೆ ಬಂದಿದೆ. ನಡುವೆ ಬಿದ್ದ ಮಳೆ 640 ಮಿ.ಮೀ. ಜಮೀನು ನಾಲ್ಕು ಎಕರೆ. ನಮ್ಮ ಭೂಮಿಗೆ ಎಷ್ಟು ನೀರು ಇಳಿದ ಹಾಗಾಯಿತು? (ಚಿಂತಾಮಣಿ ತಾಲ್ಲೂಕು)

110 ಅಡಿ ಎಂದರೆ 33.5 ಮೀಟರ್. ಇಷ್ಟು ಏರಿದೆ ಎಂದಾಕ್ಷಣ ಖುಷಿಪಡುವ ಮೊದಲು, ಆ ಏರಿಕೆ ಯಾವ ಪದರದಲ್ಲಿ ಆಗಿದೆ ಎಂದು ಕೇಳಿಕೊಳ್ಳಬೇಕು. ಒಂದು ಚೊಂಬು ನೀರನ್ನು ಪರಾತಕ್ಕೆ ಸುರಿದರೆ ತಳ ನೆನೆಯುತ್ತದೆ, ಸಣ್ಣ ಬಾಟಲಿಗೆ ಸುರಿದರೆ ಕುತ್ತಿಗೆಗೆ ಬರುತ್ತದೆ. ಬಂಡೆಯ ಬಿರುಕು ಬಾಟಲಿಯ ಜಾತಿಗೆ ಸೇರಿದ್ದು.

ಕಲ್ಲು ಅಥವಾ ಮಣ್ಣಿನ ಒಟ್ಟು ಗಾತ್ರದಲ್ಲಿ ನೂರಕ್ಕೆ ಎಷ್ಟು ಪಾಲು ನೀರು ಬಸಿದು ಹೊರಗೆ ಬರಬಲ್ಲದೋ ಅದಕ್ಕೆ ಸ್ಪೆಸಿಫಿಕ್ ಯೀಲ್ಡ್ ಎನ್ನುತ್ತಾರೆ. ಮರುಪೂರಣ, ಎಂದರೆ ನೆಲದೊಳಗೆ ಹೊಸದಾಗಿ ಇಳಿದ ನೀರು, ಎಷ್ಟೆಂದು ತಿಳಿಯಬೇಕಿದ್ದರೆ ಮಟ್ಟದ ಏರಿಕೆಯನ್ನು ಇದರಿಂದ ಗುಣಿಸಬೇಕು. ಕೇಂದ್ರದ ಅಂತರ್ಜಲ ಅಂದಾಜು ಸಮಿತಿ 1997ರ ವಿಧಾನದಲ್ಲಿ ಕೊಟ್ಟ ಅಂಕಿ ಹೀಗಿದೆ: ಜೇಡಿ ಕಡಿಮೆ ಇರುವ ಶಿಥಿಲ (ಕೊಳೆತು ಸಡಿಲಾದ) ಗ್ರಾನೈಟ್, ನೈಸ್, ಶಿಸ್ಟ್‌ಗೆ ಶೇ 3 (2ರಿಂದ 4), ಜೇಡಿ ಹೆಚ್ಚಿದ್ದರೆ ಶೇ 1.5 (1ರಿಂದ 2), ಬಿರುಕು ಅಪರೂಪವಾದ ಗಟ್ಟಿ ಬಂಡೆಗೆ ಬರೀ ಶೇ 0.3. ಮೇಲಿನ ಕೊಳೆತ ಕಲ್ಲಿಗೂ ಕೆಳಗಿನ ಬಂಡೆಗೂ ಹತ್ತು ಪಟ್ಟು ವ್ಯತ್ಯಾಸ.

ನಿಮ್ಮ 33.5 ಮೀಟರಿಗೆ ಇದನ್ನು ಹಾಕಿ ನೋಡಿ. ಶೇ 2 ಹಿಡಿದರೆ ಮರುಪೂರಣ 670 ಮಿ.ಮೀ. ಆಗುತ್ತದೆ. ಬಿದ್ದ ಮಳೆಯೇ 640! ಅಲ್ಲಿಗೆ ಆ ಲೆಕ್ಕ ಕೈಬಿಡಬೇಕು. ಶೇ 0.3 ಹಿಡಿದರೆ 100 ಮಿ.ಮೀ., ಮಳೆಯ ಶೇ 16ರಷ್ಟು. ಇದೂ ನಿಮ್ಮ ಕಡೆಗೆ ಜಾಸ್ತಿಯೇ. ಮೂರನೆಯ ಸಾಧ್ಯತೆಯೂ ಇದೆ. ಆಳದ ಬಿರುಕುಗಳಲ್ಲಿ ನೀರು ಮೊದಲೇ ತುಂಬಿಕೊಂಡಿದ್ದು, ಮೇಲಿನ ನೀರಿನ ಒತ್ತಡಕ್ಕೆ ಬೋರ್‌ನಲ್ಲಿ ಮಟ್ಟ ಏರಿದ್ದರೆ, ಹೊಸದಾಗಿ ಸೇರಿದ ನೀರು ತೀರಾ ಕಡಿಮೆ. ಅಂಥ ಕಡೆ ಏರಿಕೆಯನ್ನು ಗುಣಿಸುವ ಅಂಕಿ, ಎಂದರೆ ಗುಣಾಂಕ, 0.0005ರ (ಶೇ 0.05) ಆಸುಪಾಸು ಇರುತ್ತದೆ. ಆಗ ನಿಮ್ಮ 110 ಅಡಿಗೆ ಸಿಗುವುದು 17 ಮಿ.ಮೀ. ಮಾತ್ರ. ಏರಿಕೆ ಒಂದೇ, ಉತ್ತರ ಮೂರು.

ಯಾವುದು ನಿಮ್ಮದು? ಬೋರ್ ಕೊರೆದಾಗಿನ ಬಿಲ್ ತೆಗೆದು ಕೇಸಿಂಗ್ (ಬೋರ್ ಮೇಲ್ಭಾಗಕ್ಕೆ ಇಳಿಸುವ ಪೈಪು) ಎಷ್ಟು ಅಡಿ ಎಂದು ನೋಡಿ. ಕೇಸಿಂಗ್ ಇಳಿಸುವುದು ಗಟ್ಟಿ ಕಲ್ಲು ಸಿಗುವವರೆಗೆ, ಆದ್ದರಿಂದ ಅದರ ಉದ್ದವೇ ಹೆಚ್ಚುಕಡಿಮೆ ಶಿಥಿಲ ಪದರದ ದಪ್ಪ. 60 ಅಡಿ ಕೇಸಿಂಗ್ ಇದ್ದು ನೀರು 310 ಅಡಿಯಲ್ಲಿದ್ದರೆ ಶಿಥಿಲ ಪದರ ಒಣಗಿದೆ ಎಂದೇ ಅರ್ಥ. ನೀವು ನೋಡುತ್ತಿರುವುದು ಬಿರುಕಿನ ನೀರನ್ನು. ಶೇ 3ರ ಲೆಕ್ಕವನ್ನು ಮರೆತುಬಿಡಿ. ಊರಲ್ಲಿ ತೆರೆದ ಬಾವಿ ಉಳಿದಿದ್ದರೆ ಅದರಲ್ಲಿ ನೀರು ಬಂತೇ ನೋಡಿ. ಬಾವಿಯಲ್ಲಿ ಎರಡು ಮೀಟರ್ ಏರಿದ್ದು ಬೋರ್‌ನಲ್ಲಿ ಮೂವತ್ತು ಮೀಟರ್ ಏರಿದ್ದಕ್ಕಿಂತ ದೊಡ್ಡ ಸುದ್ದಿ ಆಗಿರಬಹುದು.

ಇನ್ನೊಂದು ಬಲೆ ಇದೆ. ಮಳೆಗಾಲದಲ್ಲಿ ಅಕ್ಕಪಕ್ಕದವರ ಮೋಟರ್‌ಗಳೂ ನಿಲ್ಲುತ್ತವೆ. ಬೇಸಿಗೆಯಿಡೀ ಎಳೆದೆಳೆದು ಬೋರ್ ಸುತ್ತ ಆದ ತಗ್ಗು ಆಗ ಸುತ್ತಲಿನ ಬಿರುಕಿನ ನೀರಿನಿಂದ ಸಮವಾಗುತ್ತದೆ. ಮಟ್ಟ ಏರುತ್ತದೆ, ಆದರೆ ಒಂದು ಹನಿ ಮಳೆನೀರೂ ಇಳಿದಿರಬೇಕೆಂದಿಲ್ಲ. ಆದ್ದರಿಂದ ಎಳೆಯುವ ಒಂದೇ ಬೋರ್ ನೋಡಿ ಮರುಪೂರಣ ಹೇಳಲಾಗದು.

ಅಂದಾಜು ಬೇಕೇ ಬೇಕು ಎಂದರೆ ಮಳೆಯ ದಾರಿಯಿಂದ ಬನ್ನಿ. ಅದೇ ಸಮಿತಿಯ ಕೋಷ್ಟಕದಲ್ಲಿ ಮಳೆಯಲ್ಲಿ ಇಂಗುವ ಪಾಲು ಜೇಡಿ ಕಡಿಮೆ ಇರುವ ಶಿಥಿಲ ಗ್ರಾನೈಟ್–ನೈಸ್‌ಗೆ ಶೇ 11, ಜೇಡಿ ಹೆಚ್ಚಿದ್ದರೆ ಶೇ 8, ಬಿರುಕು ಅಪರೂಪವಾದ ಬಂಡೆಗೆ ಶೇ 1. ನಿಮ್ಮ 640 ಮಿ.ಮೀ.ಗೆ 51ರಿಂದ 70 ಮಿ.ಮೀ. 55 ಎಂದೇ ಇಟ್ಟುಕೊಳ್ಳಿ. ಒಂದು ಎಕರೆಗೆ 1 ಮಿ.ಮೀ. ಎಂದರೆ 4,047 ಲೀಟರ್. ನಾಲ್ಕು ಎಕರೆಗೆ 55 ಮಿ.ಮೀ. ಎಂದರೆ 8.9 ಲಕ್ಷ ಲೀಟರ್. ಕೇಳಲು ದೊಡ್ಡದು. ಎರಡು ಇಂಚು ನೀರಿನ (ಗಂಟೆಗೆ 2,900 ಲೀಟರ್) ಮೋಟರ್ ದಿನಕ್ಕೆ ಆರು ಗಂಟೆ ಓಡಿದರೆ ಸುಮಾರು 17,400 ಲೀಟರ್ ಎತ್ತುತ್ತದೆ. ನಿಮ್ಮ ನಾಲ್ಕು ಎಕರೆಗೆ ವರ್ಷಪೂರ್ತಿ ಇಂಗಿದ್ದು 51 ದಿನಕ್ಕೆ ಮುಗಿಯಿತು. ಮಿಕ್ಕ ದಿನ ನೀವು ಎತ್ತುವುದು ಬೇರೆಯವರ ಹೊಲದಲ್ಲಿ, ಗೋಮಾಳದಲ್ಲಿ, ಕೆರೆ ಅಂಗಳದಲ್ಲಿ ಇಂಗಿದ ನೀರು, ಇಲ್ಲವೇ ಹಳೆಯ ದಾಸ್ತಾನು.

ಪ್ರಶ್ನೆ: ಮೋಟರ್ ಇಳಿಸಿರುವ ಬೋರ್‌ನಲ್ಲಿ ನೀರಿನ ಮಟ್ಟ ಅಳೆಯುವುದು ಹೇಗೆ? ಟೇಪ್ ಬಿಟ್ಟರೆ ಸಿಕ್ಕಿಹಾಕಿಕೊಳ್ಳುತ್ತದೆ. (ಶಿರಾ)

ಮುಂದಿನ ಸಲ ಮೋಟರ್ ಎತ್ತಿದಾಗ, ಇಳಿಸುವ ಪೈಪಿನ ಜೊತೆಗೇ 20 ಅಥವಾ 25 ಮಿ.ಮೀ.ನ ಎಚ್‌ಡಿಪಿಇ ಪೈಪೊಂದನ್ನು ಕಟ್ಟಿ ಪಂಪಿಗಿಂತ ಸ್ವಲ್ಪ ಮೇಲಿನವರೆಗೆ ಬಿಡಿ. ಕೊನೆಯ ಕೆಲವು ಅಡಿಯಲ್ಲಿ ಸಣ್ಣ ತೂತು ಹಾಕಿ. ಅಳೆಯುವ ಟೇಪ್ ಇದರೊಳಗೆ ಇಳಿದರೆ ಕೇಬಲ್ಲಿಗೂ ಜಾಯಿಂಟಿಗೂ ತಗುಲುವುದಿಲ್ಲ. ಇನ್ನೊಂದು ಲಾಭವೂ ಇದೆ. ಮೇಲಿನ ಬಿರುಕಿನಿಂದ ಬೋರ್ ಗೋಡೆಯ ಮೇಲೆ ನೀರು ಸುರಿಯುತ್ತಿದ್ದರೆ, ವಾಟರ್ ಲೆವೆಲ್ ಇಂಡಿಕೇಟರ್ ಆ ನೀರಿಗೇ 'ಬೀಪ್' ಎಂದು ಮೋಸ ಮಾಡುತ್ತದೆ. ಪೈಪಿನೊಳಗೆ ಆ ಕಾಟ ಇಲ್ಲ.

ಇಂಡಿಕೇಟರ್ ಇಲ್ಲದಿದ್ದರೆ ಗಾಳಿಯಿಂದ ಅಳೆಯಬಹುದು. ಸಣ್ಣ ನೈಲಾನ್ ಟ್ಯೂಬನ್ನು ಉದ್ದ ಗುರುತು ಮಾಡಿ ಇಳಿಸಿ. ಅದರ ತುದಿ ಬೇಸಿಗೆಯಲ್ಲೂ ನೀರೊಳಗೆ ಮುಳುಗಿರಬೇಕು. ಮೇಲೆ ಒಂದು 'ಟಿ', ಒಂದು ಕಡೆ ಪ್ರೆಷರ್ ಗೇಜ್, ಇನ್ನೊಂದು ಕಡೆ ಸೈಕಲ್ ಪಂಪ್. ಗಾಳಿ ಹೊಡೆಯುತ್ತಾ ಹೋಗಿ. ಟ್ಯೂಬಿನೊಳಗಿನ ನೀರೆಲ್ಲ ಹೊರಗೆ ಹೋದ ಮೇಲೆ ಗೇಜಿನ ಮುಳ್ಳು ಮುಂದಕ್ಕೆ ಹೋಗದೆ ನಿಲ್ಲುತ್ತದೆ. 1 ಪಿಎಸ್‌ಐ (ಗೇಜಿನ ಒತ್ತಡದ ಅಳತೆ) ಅಂದರೆ 2.31 ಅಡಿ ನೀರು. ಟ್ಯೂಬ್ 400 ಅಡಿ ಇದ್ದು ಗೇಜ್ 35 ತೋರಿಸಿದರೆ ತುದಿಯ ಮೇಲೆ 81 ಅಡಿ ನೀರಿದೆ, ಅಂದರೆ ನೆಲದಿಂದ 319 ಅಡಿಗೆ ನೀರು. ಮುಳ್ಳು ನಿಲ್ಲದೆ ನಿಧಾನಕ್ಕೆ ಇಳಿಯುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಆ ಓದು ಬೇಡ. ಗೇಜಿನಲ್ಲಿ ಒಂದು ಪಿಎಸ್‌ಐ ತಪ್ಪಾದರೆ ಮಟ್ಟದಲ್ಲಿ ಎರಡು ಅಡಿಗೂ ಮೇಲೆ ತಪ್ಪುತ್ತದೆ, ಅಗ್ಗದ ಗೇಜ್ ತರಬೇಡಿ.

ಅಳೆಯುವ ಹೊತ್ತು ಬೆಳಗಿನ ಜಾವ, ರಾತ್ರಿಯಿಡೀ ಮೋಟರ್ ನಿಂತಿದ್ದ ಮೇಲೆ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕೊಡುವ ವಾರ ಇದ್ದರೆ ಆ ವಾರ ಬಿಟ್ಟುಬಿಡಿ. ಪ್ರತಿ ಸಲವೂ ಕೇಸಿಂಗ್ ಬಾಯಿಯ ಒಂದೇ ಗುರುತಿನಿಂದ ಅಳೆದು, ಕೇಸಿಂಗ್ ನೆಲದ ಮೇಲೆ ಎಷ್ಟು ಎತ್ತರ ಇದೆಯೋ ಅಷ್ಟನ್ನು ಕಳೆಯಿರಿ. ವರ್ಷಕ್ಕೆ ಎರಡೇ ಸಲ ಅಳೆಯುವುದಾದರೆ ಮೇ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಕೋಲಾರದ ಕಡೆ ಹಿಂಗಾರು ನವೆಂಬರ್ ತನಕ ಎಳೆಯುವುದರಿಂದ ಡಿಸೆಂಬರ್‌ನಲ್ಲೂ ಒಮ್ಮೆ ನೋಡುವುದು ಒಳ್ಳೆಯದು. ತಿಂಗಳಿಗೊಮ್ಮೆ ಅಳೆದರೆ ಈ ತಲೆನೋವೇ ಇಲ್ಲ.

ಪ್ರಶ್ನೆ: ಬೋರ್ ಲಾರಿಯವರು 'ಎರಡು ಇಂಚು ನೀರು' ಎಂದರು. ಲೀಟರ್‌ನಲ್ಲಿ ಎಷ್ಟು? (ಮಧುಗಿರಿ)

ಅದು ಪೈಪಿನ ಅಳತೆಯಲ್ಲ. ವಿ ಆಕಾರದ ಗಂಡಿ ಕೊರೆದ ತಗಡಿನ ಮೇಲೆ ಹರಿಯುವ ನೀರಿನ ಎತ್ತರ. 90 ಡಿಗ್ರಿ ಗಂಡಿಯಲ್ಲಿ ಒಂದು ಇಂಚಿಗೆ ಗಂಟೆಗೆ ಸುಮಾರು 510 ಲೀಟರ್, ಎರಡು ಇಂಚಿಗೆ 2,900, ಮೂರು ಇಂಚಿಗೆ 8,000 ಹತ್ತಿರ. ಇಂಚು ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗೂ ಮೇಲೆ. ಕೊರೆಯುವಾಗ ಕಂಪ್ರೆಸರ್ ಗಾಳಿ ಎಸೆದ ನೀರು ಅದು. ಮೋಟರ್ ಇಳಿಸಿ ದಿನಗಟ್ಟಲೆ ಎಳೆದಾಗ ಅಷ್ಟೇ ಬರುತ್ತದೆಂದು ನಂಬಬೇಡಿ. 200 ಲೀಟರ್ ಡ್ರಮ್ ಇಟ್ಟು ಮೊಬೈಲ್‌ನಲ್ಲಿ ಸೆಕೆಂಡ್ ಎಣಿಸಿ. ಮೋಟರ್ ಹಾಕಿ ಎರಡು ಗಂಟೆ ಕಳೆದ ಮೇಲೆ ಎಣಿಸಿದ್ದೇ ಲೆಕ್ಕಕ್ಕೆ.

ಪ್ರಶ್ನೆ: ಗ್ರಾಮ ಪಂಚಾಯಿತಿಯ ನೀರಿನ ಆಯವ್ಯಯ ತಯಾರಿಸುತ್ತಿದ್ದೇವೆ. ಸ್ಪೆಸಿಫಿಕ್ ಯೀಲ್ಡ್ ಶೇ 1 ಹಿಡಿಯುವುದೋ 3 ಹಿಡಿಯುವುದೋ ಗೊತ್ತಾಗುತ್ತಿಲ್ಲ. ಯಾವುದು ಹಿಡಿದರೂ ಉತ್ತರ ಮೂರು ಪಟ್ಟು ಬದಲಾಗುತ್ತದೆ. (ಗೌರಿಬಿದನೂರು)

ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದೀರಿ. ಕೋಷ್ಟಕದ ಅಂಕಿ ಹಿಡಿಯುವ ಬದಲು ನಿಮ್ಮೂರಿನ ಬೇಸಿಗೆಯಿಂದಲೇ ಆ ಅಂಕಿಯನ್ನು ಹೊರಡಿಸಬಹುದು. ಮಳೆ ಇಲ್ಲದ ತಿಂಗಳಲ್ಲಿ ಮರುಪೂರಣ ಇಲ್ಲ. ಮಟ್ಟ ಇಳಿಯುವುದಕ್ಕೆ ಮುಖ್ಯ ಕಾರಣ ಪಂಪಿಂಗ್. ಎಷ್ಟು ಎತ್ತಿದಿರಿ, ಮಟ್ಟ ಎಷ್ಟು ಇಳಿಯಿತು ಎರಡೂ ಗೊತ್ತಿದ್ದರೆ ಸ್ಪೆಸಿಫಿಕ್ ಯೀಲ್ಡ್ ತಾನೇ ಸಿಗುತ್ತದೆ. ಆಮೇಲೆ ಅದನ್ನು ಹಾಕಿ ಮಳೆಗಾಲದ ಮರುಪೂರಣ ತೆಗೆಯಬಹುದು. ಹೈದರಾಬಾದ್ ಹತ್ತಿರದ ಮಹೇಶ್ವರಂ ಜಲಾನಯನದ ಗ್ರಾನೈಟ್‌ನಲ್ಲಿ ಈ ಎರಡು ಹಂತದ ವಿಧಾನ ಬಳಸಿದಾಗ ಸಿಕ್ಕ ಅಂಕಿ ಶೇ 1.4ರ ಸುಮಾರು.

ಕೆಲಸದ ಕ್ರಮವನ್ನು ಒಂದು ಮಾದರಿ ಊರಿನ ಅಂಕಿಯಿಂದ ತೋರಿಸುತ್ತೇವೆ. ಅಂಕಿಗಳು ಊಹೆಯವು, ನಿಮ್ಮವನ್ನು ಹಾಕಿಕೊಳ್ಳಿ. ಪ್ರದೇಶ 500 ಹೆಕ್ಟೇರ್, ಎಂದರೆ 50 ಲಕ್ಷ ಚದರ ಮೀಟರ್. ಗುಡ್ಡದ ಇಳಿಜಾರು ಶೇ 20ಕ್ಕಿಂತ ಕಡಿದಾಗಿರುವ ಜಾಗವನ್ನು ಮೊದಲೇ ಕಳೆಯಬೇಕು. ಓಡುತ್ತಿರುವ ಬೋರ್ 90. ಡ್ರಮ್ ಇಟ್ಟು ಅಳೆದ ಸರಾಸರಿ ಗಂಟೆಗೆ 4,000 ಲೀಟರ್. ಡಿಸೆಂಬರ್‌ನಿಂದ ಮೇ ತನಕ ದಿನಕ್ಕೆ ಐದು ಗಂಟೆಯಂತೆ 150 ದಿನ. ಎತ್ತಿದ್ದು 2,70,000 ಘನ ಮೀಟರ್. ಹೊಲಕ್ಕೆ ಹಾಯಿಸಿದ್ದರಲ್ಲಿ ಸ್ವಲ್ಪ ಮರಳಿ ಇಳಿಯುತ್ತದೆ. ಬತ್ತವಲ್ಲದ ಬೆಳೆಗೆ, ನೀರು 10 ಮೀಟರಿಗಿಂತ ಮೇಲಿದ್ದರೆ ಶೇ 25, 10ರಿಂದ 25 ಮೀಟರಿಗೆ ಶೇ 15, ಅದಕ್ಕಿಂತ ಆಳವಿದ್ದರೆ ಶೇ 5 ಎಂಬುದು 1997ರ ವಿಧಾನದ ಲೆಕ್ಕ. ಡ್ರಿಪ್ ಇದ್ದರೆ ಇನ್ನೂ ಕಡಿಮೆ. ಇಲ್ಲಿ ಶೇ 10 ಹಿಡಿದರೆ ನಿಜಕ್ಕೂ ಹೋದದ್ದು 2,43,000 ಘನ ಮೀಟರ್. ಮಟ್ಟದ ಸರಾಸರಿ ಇಳಿಕೆ 3.2 ಮೀಟರ್. 2,43,000ನ್ನು 50 ಲಕ್ಷ ಮತ್ತು 3.2ರ ಗುಣಲಬ್ಧದಿಂದ ಭಾಗಿಸಿದರೆ 0.0152, ಅಂದರೆ ಶೇ 1.5. ಇದು ಆ ಊರಿನ ಸ್ಪೆಸಿಫಿಕ್ ಯೀಲ್ಡ್.

ಈಗ ಮಳೆಗಾಲಕ್ಕೆ ಬನ್ನಿ. ಮಟ್ಟ 2.6 ಮೀಟರ್ ಏರಿದೆ. ಅದಕ್ಕೆ 0.0152, ಅದಕ್ಕೆ ಪ್ರದೇಶ ಗುಣಿಸಿದರೆ 1,97,600 ಘನ ಮೀಟರ್. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಮಳೆಗಾಲದಲ್ಲೂ ಮೋಟರ್ ಓಡಿದೆಯಲ್ಲ! ಇಳಿದ ನೀರಿನಲ್ಲಿ ಒಂದು ಪಾಲು ಮಟ್ಟದಲ್ಲಿ ಕಾಣಿಸುವ ಮೊದಲೇ ಮೇಲೆ ಬಂದಿದೆ. ದಿನಕ್ಕೆ ಎರಡು ಗಂಟೆ, 120 ದಿನ ಎಂದರೆ 86,400, ಮರಳಿದ್ದು ಕಳೆದು 77,760. ಎರಡೂ ಸೇರಿಸಿದರೆ 2,75,360 ಘನ ಮೀಟರ್. 500 ಹೆಕ್ಟೇರ್ ಮೇಲೆ ಹರಡಿದರೆ 55 ಮಿ.ಮೀ. ಮಳೆ 720 ಮಿ.ಮೀ. ಇದ್ದರೆ ಶೇ 7.6.

ಮಳೆಯ ಪಾಲಿನ ವಿಧಾನದಿಂದ ತಾಳೆ ನೋಡಿ. ಶೇ 8ರಂತೆ 57.6 ಮಿ.ಮೀ. ಎರಡರ ವ್ಯತ್ಯಾಸ ಶೇ 20ರೊಳಗೆ ಇದ್ದರೆ ಮಟ್ಟದಿಂದ ಬಂದ ಅಂಕಿಯನ್ನೇ ಇಟ್ಟುಕೊಳ್ಳಬೇಕು. ಮಟ್ಟದ ಅಂಕಿ ಮಳೆಯ ಅಂಕಿಗಿಂತ ಶೇ 20ಕ್ಕೂ ಹೆಚ್ಚು ಕಡಿಮೆ ಇದ್ದರೆ ಮಳೆಯ ಅಂಕಿಯ 0.8 ಪಟ್ಟು, ಶೇ 20ಕ್ಕೂ ಹೆಚ್ಚು ಜಾಸ್ತಿ ಇದ್ದರೆ 1.2 ಪಟ್ಟು ಹಿಡಿಯುವುದು ಸಮಿತಿಯ ನಿಯಮ. ಹಾಗೆ ಹಿಡಿದು ಮುಗಿಸುವುದಕ್ಕಿಂತ ಎಲ್ಲಿ ತಪ್ಪಿತು ಎಂದು ಹುಡುಕುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ಬಹುತೇಕ ತಪ್ಪುವುದು ಬೋರ್ ಎಣಿಕೆಯಲ್ಲಿ. ದಾಖಲೆಯಲ್ಲಿರುವ ಬೋರ್‌ಗಳಲ್ಲಿ ಎಷ್ಟೋ ಒಣಗಿರುತ್ತವೆ, ಹೊಸದಾಗಿ ಕೊರೆದವು ದಾಖಲೆಗೆ ಬಂದಿರುವುದಿಲ್ಲ. ಮನೆ ಮನೆಗೆ ಹೋಗಿ ಎಣಿಸದೆ ಈ ವಿಧಾನಕ್ಕೆ ಕೈಹಾಕಬೇಡಿ.

ಮಾದರಿ ಊರಿನ ಇನ್ನೊಂದು ಅಂಕಿ ಗಮನಿಸಿ: ಬೇಸಿಗೆಯಲ್ಲಿ 3.2 ಮೀಟರ್ ಇಳಿದದ್ದು ಮಳೆಗಾಲದಲ್ಲಿ 2.6 ಮಾತ್ರ ಏರಿತು. ವರ್ಷಕ್ಕೆ 0.6 ಮೀಟರ್, ಸುಮಾರು 46,000 ಘನ ಮೀಟರ್ ಕೈಬಿಟ್ಟುಹೋಯಿತು. 90 ಬೋರ್‌ಗಳ ದಿನದ ಓಟವನ್ನು ಬೇಸಿಗೆಯಲ್ಲಿ ಐದರಿಂದ ನಾಲ್ಕು ಗಂಟೆಗೆ ಇಳಿಸಿದರೆ ಎತ್ತುವುದು 54,000 ಘನ ಮೀಟರ್ ಕಡಿಮೆಯಾಗುತ್ತದೆ, ಮರಳುತ್ತಿದ್ದದ್ದು ಕಳೆದರೂ 48,600 ಉಳಿಯುತ್ತದೆ. ಪಂಚಾಯಿತಿಯ ಸಭೆಯಲ್ಲಿ ಶೇಕಡಾವಾರು ಹೇಳುವ ಬದಲು ಈ ಒಂದು ಗಂಟೆಯನ್ನು ಹೇಳಿ.

ಎರಡು ಎಚ್ಚರಿಕೆ. ಮಟ್ಟ ಅಳೆಯುವ ಬೋರ್‌ಗಳು ಪ್ರದೇಶದಲ್ಲಿ ಹರಡಿಕೊಂಡಿರಬೇಕು. ಕೆರೆ ಕೆಳಗಿನ ತೋಟದಲ್ಲೇ ನಾಲ್ಕೂ ಇದ್ದರೆ ಊರಿನ ಲೆಕ್ಕ ಬರುವುದಿಲ್ಲ. ಹಾಗೆಯೇ ಮಟ್ಟ ಶಿಥಿಲ ಪದರ ದಾಟಿ ಬಂಡೆಗೆ ಇಳಿದ ವರ್ಷ ಗುಣಾಂಕವೂ ಕೆಳಗೆ ಬೀಳುತ್ತದೆ. ಹೋದ ವರ್ಷದ 1.5ನ್ನು ಈ ವರ್ಷಕ್ಕೆ ಕಣ್ಣುಮುಚ್ಚಿ ಹಾಕಬೇಡಿ. ಮಳೆಗೆ ತಾಲ್ಲೂಕು ಸರಾಸರಿ ಬೇಡ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆಮಾಪಕದ ಅಂಕಿ ಬಳಸಿ.

ಪ್ರಶ್ನೆ: ನೀರಿನಲ್ಲಿರುವ ಕ್ಲೋರೈಡ್ ನೋಡಿ ಮರುಪೂರಣ ಹೇಳಬಹುದಂತೆ. ನಮ್ಮ ಕೆರೆಗೆ ಕೆ.ಸಿ. ವ್ಯಾಲಿ ನೀರು ಬರುತ್ತದೆ. ನಾವೂ ಮಾಡಬಹುದೇ? (ಕೋಲಾರ)

ನಿಮ್ಮ ಊರಿನಲ್ಲಿ ಬೇಡ.

ವಿಧಾನ ಸರಳವಾದದ್ದು. ಮಳೆನೀರಿನಲ್ಲಿ ತುಸು ಕ್ಲೋರೈಡ್ ಇರುತ್ತದೆ. ನೀರು ಆವಿಯಾಗಿ, ಗಿಡ ಹೀರಿ ಹೋದ ಮೇಲೂ ಕ್ಲೋರೈಡ್ ಉಳಿದು ಮಿಕ್ಕ ನೀರಿನಲ್ಲಿ ಸಾಂದ್ರವಾಗುತ್ತದೆ. ಮಳೆಯನ್ನು ಮಳೆನೀರಿನ ಕ್ಲೋರೈಡ್‌ನಿಂದ ಗುಣಿಸಿ ಅಂತರ್ಜಲದ ಕ್ಲೋರೈಡ್‌ನಿಂದ ಭಾಗಿಸಿದರೆ ಮರುಪೂರಣ. 700 ಮಿ.ಮೀ. ಮಳೆ, ಮಳೆಯಲ್ಲಿ ಲೀಟರಿಗೆ 2 ಮಿ.ಗ್ರಾಂ, ಬಾವಿಯಲ್ಲಿ 40 ಇದ್ದರೆ 35 ಮಿ.ಮೀ.

ಕ್ಲೋರೈಡ್ ಮಳೆಯಿಂದ ಮಾತ್ರ ಬಂದಿರಬೇಕು ಎಂಬುದು ಷರತ್ತು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರಲ್ಲಿ ಉಪ್ಪಿನಂಶ ಹೆಚ್ಚು. ಅದು ಬಾವಿಗೆ ಸೇರಿದ ಕಡೆ ಈ ಸೂತ್ರ ಮರುಪೂರಣ ಕಡಿಮೆ ಎಂದು ತೋರಿಸುತ್ತದೆ, ನಿಜಕ್ಕೂ ಹೆಚ್ಚಿದ್ದರೂ. ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೂ ಪೊಟ್ಯಾಸಿಯಂ ಕ್ಲೋರೈಡೇ. ತರಕಾರಿ ಬೆಳೆಯುವ ಯಾವ ಊರಿನಲ್ಲೂ ಈ ವಿಧಾನದ ಮೇಲೆ ಪೂರ್ತಿ ಭರವಸೆ ಇಡಬೇಡಿ.

ಕಾಡಿನಲ್ಲಿ ಇದು ಚೆನ್ನಾಗಿ ಕೂಡಿಬರುತ್ತದೆ. ಬಂಡೀಪುರದ ಮೂಲೆಹೊಳೆ ಜಲಾನಯನದಲ್ಲಿ 2003ರಿಂದ 2006ರವರೆಗೆ ಭಾರತ–ಫ್ರಾನ್ಸ್ ವಿಜ್ಞಾನಿಗಳು ಕ್ಲೋರೈಡ್, ಮಟ್ಟದ ಏರಿಳಿತ ಎಲ್ಲವನ್ನೂ ಜೋಡಿಸಿ ನೋಡಿದಾಗ, ಮಳೆಯಿಂದ ನೇರವಾಗಿ ಇಳಿದದ್ದು ವರ್ಷಕ್ಕೆ 45 ಮಿ.ಮೀ., ಹಳ್ಳದ ತಳದಿಂದ ಪ್ರವಾಹದ ದಿನಗಳಲ್ಲಿ ಇಳಿದದ್ದು 30 ಮಿ.ಮೀ. ಎಂದು ಬಂತು. ಅಲ್ಲಿ ಮಳೆ ಬಯಲುಸೀಮೆಗಿಂತ ಚೆನ್ನಾಗಿಯೇ ಬೀಳುತ್ತದೆ. ಮರಗಳು ಹೀರುವುದೂ ಅಷ್ಟೇ ಹೆಚ್ಚು. ಹಳ್ಳದ ಪಾಲು ಎಷ್ಟು ದೊಡ್ಡದು ನೋಡಿ. ಹೊಲದಲ್ಲಿ ಎಷ್ಟು ಇಂಗಿತು ಎಂದಷ್ಟೇ ಅಳೆಯುವವರಿಗೆ ಇದು ತಪ್ಪಿಹೋಗುತ್ತದೆ.

ಪ್ರಶ್ನೆ: ನಮ್ಮ ಕೆರೆಯಿಂದ ದಿನಕ್ಕೆ ಎಷ್ಟು ಇಂಗುತ್ತದೆ ಎಂದು ನಾವೇ ಅಳೆಯಬಹುದೇ? (ಕುಣಿಗಲ್)

ಖಂಡಿತ. ಸರ್ಕಾರಿ ಅಂದಾಜಿನಲ್ಲಿ ನೀರು ನಿಂತ ವಿಸ್ತಾರಕ್ಕೆ ದಿನಕ್ಕೆ 1.4 ಮಿ.ಮೀ. ಹಿಡಿಯುತ್ತಾರೆ. ಸರಾಸರಿ 10 ಹೆಕ್ಟೇರ್ ನೀರು 120 ದಿನ ನಿಂತರೆ 16,800 ಘನ ಮೀಟರ್, ಎಂದರೆ 168 ಲಕ್ಷ ಲೀಟರ್. ಆದರೆ ಒಂದೊಂದು ಕೆರೆಯ ಗುಣ ಒಂದೊಂದು.

ಕೆರೆಯೊಳಗೆ ಸೆಂಟಿಮೀಟರ್ ಗುರುತಿನ ಕಂಬ ನೆಡಿ. ದಡದ ಹತ್ತಿರ, ನೆರಳಿಲ್ಲದ ಕಡೆ, ನಾಲ್ಕು ಅಡಿ ಅಗಲ, ಹತ್ತು ಇಂಚು ಆಳದ ತಗಡಿನ ತೊಟ್ಟಿಯನ್ನು ಮರದ ಚೌಕಟ್ಟಿನ ಮೇಲಿಟ್ಟು ನೀರು ತುಂಬಿ. ಹವಾಮಾನ ಕೇಂದ್ರದ ತೊಟ್ಟಿಯೂ ಇದೇ ಅಳತೆಯದು. ಮಳೆ ಇಲ್ಲದ, ಹಳ್ಳ ಹರಿಯದ, ತೂಬು ಮುಚ್ಚಿದ ಹತ್ತು ದಿನ ಆರಿಸಿಕೊಳ್ಳಿ. ಕೆರೆ 110 ಮಿ.ಮೀ. ಇಳಿದಿದೆ, ತೊಟ್ಟಿ 70 ಇಳಿದಿದೆ ಎಂದುಕೊಳ್ಳಿ. ತೊಟ್ಟಿ ಬೇಗ ಕಾಯುವುದರಿಂದ ಅದರ ಇಳಿಕೆಗೆ 0.7 ಗುಣಿಸಬೇಕು: 49. ಉಳಿದ 61 ಮಿ.ಮೀ. ಇಂಗಿದ್ದು, ದಿನಕ್ಕೆ 6.1. ಯಾರಾದರೂ ಮೋಟರ್ ಇಟ್ಟು ಕೆರೆಯಿಂದಲೇ ಎತ್ತುತ್ತಿದ್ದರೆ ಅದೂ ಇದರಲ್ಲಿ ಸೇರಿಹೋಗುತ್ತದೆ, ನೋಡಿಕೊಳ್ಳಿ.

ಕೆರೆ ತುಂಬಿದ ಮೊದಲ ಎರಡು ವಾರದ ಅಳತೆ ಬೇಡ. ಬೇಸಿಗೆಯಲ್ಲಿ ಬಿರಿದ ಗೋಡು ಮಣ್ಣು ಆಗ ನೀರು ಕುಡಿಯುತ್ತದೆ. ಅದು ಅಂತರ್ಜಲಕ್ಕೆ ಹೋದ ನೀರಲ್ಲ. ತುಂಬಿದಾಗ ಒಮ್ಮೆ, ಅರ್ಧವಿದ್ದಾಗ ಒಮ್ಮೆ, ತಳ ಕಾಣುವ ಹೊತ್ತಿಗೆ ಒಮ್ಮೆ ಅಳೆದರೆ ಕೆರೆಯ ಗುಟ್ಟು ತಿಳಿಯುತ್ತದೆ. ಅಂಚಿನಲ್ಲಿ ಗರಸು ನೆಲ, ನಡುವೆ ಗೋಡು. ಸಾಮಾನ್ಯವಾಗಿ ಹೆಚ್ಚು ಇಂಗುವುದು ಅಂಚಿನಲ್ಲಿ. ಹಾಗಾಗಿ ಅಂಚನ್ನು ಒತ್ತುವರಿ ಮಾಡಿ ನಡುವೆ ಆಳ ತೋಡಿದ ಕೆರೆಯಲ್ಲಿ ನೀರು ಕಣ್ಣಿಗೆ ತುಂಬಿದಂತೆ ಕಂಡರೂ ಬೋರ್‌ಗೆ ಬರುವುದು ಕಡಿಮೆ. ಏರಿಯ ಬುಡದಲ್ಲಿ ಜಿನುಗಿ ಅಚ್ಚುಕಟ್ಟಿನ ಕಾಲುವೆಗೆ ಬರುವ ನೀರನ್ನೂ ಪೂರ್ತಿ ಮರುಪೂರಣ ಎನ್ನಬೇಡಿ.

ಪ್ರಶ್ನೆ: ಫೇಲಾದ ಬೋರ್‌ಗೆ ಇಂಗುಗುಂಡಿ ಮಾಡಿಸಬೇಕೆಂದಿದ್ದೇವೆ. ಒಂದು ಟ್ಯಾಂಕರ್ ನೀರು ಸುರಿದೆವು, ಪೂರ್ತಿ ಕುಡಿಯಿತು. ಹಾಗಾದರೆ ಒಳ್ಳೆಯ ಬೋರ್ ತಾನೇ? (ಹಿರಿಯೂರು)

ಆರೂವರೆ ಇಂಚಿನ ಬೋರ್‌ನಲ್ಲಿ ಒಂದು ಮೀಟರ್ ಆಳಕ್ಕೆ 21.4 ಲೀಟರ್ ಹಿಡಿಯುತ್ತದೆ. 900 ಅಡಿ ಒಣ ಬೋರ್ ತುಂಬಲಿಕ್ಕೇ 5,870 ಲೀಟರ್ ಬೇಕು. ನಿಮ್ಮ 5,000 ಲೀಟರ್ ಟ್ಯಾಂಕರ್ ಬಿರುಕಿಗೆ ಹನಿಯೂ ಹೋಗದೆ ಕೊಳವೆಯೊಳಗೇ ಕೂತಿರಬಹುದು.

ಸುರಿದ ಮೇಲೆ ಮಟ್ಟ ಅಳೆಯಿರಿ, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. 14 ಮೀಟರ್ ಇಳಿದಿದ್ದರೆ ಗಂಟೆಗೆ 300 ಲೀಟರ್ ಇಂಗುತ್ತಿದೆ. ಅರ್ಧ ಮೀಟರ್ ಇಳಿದಿದ್ದರೆ ಹನ್ನೊಂದೇ ಲೀಟರ್. ಅಂಥ ಬೋರ್‌ಗೆ ಗುಂಡಿ ತೋಡಿಸುವುದು ದಂಡ. ಮೇಲೆ ನೀರಿನ ಭಾರ ಹೆಚ್ಚಿದಷ್ಟೂ ಇಂಗುವ ವೇಗ ಹೆಚ್ಚು, ಆದ್ದರಿಂದ ಮೊದಲ ಗಂಟೆಯ ಅಂಕಿಯನ್ನೇ ಹಿಡಿಯದೆ ಮೂರ್ನಾಲ್ಕು ಗಂಟೆ ನೋಡಿ.

ಗಂಟೆಗೆ 300 ಸಿಕ್ಕಿತು ಎನ್ನಿ. ಹತ್ತಡಿ ಉದ್ದ, ಅಗಲ, ಆಳದ ಗುಂಡಿಯ ಗಾತ್ರ 28,300 ಲೀಟರ್. ಕಲ್ಲು, ಜಲ್ಲಿ ತುಂಬಿದ ಮೇಲೆ ಸಂದಿಯಲ್ಲಿ ಉಳಿಯುವುದು ಶೇ 40, ಸುಮಾರು 11,300 ಲೀಟರ್. ಅಷ್ಟು ಇಂಗಲು 38 ಗಂಟೆ ಬೇಕು. ಒಂದು ಎಕರೆ ಹೊಲದಲ್ಲಿ 50 ಮಿ.ಮೀ. ಮಳೆ ಬಿದ್ದು ಐದನೇ ಒಂದು ಪಾಲು ಹರಿದರೂ 40,000 ಲೀಟರ್ ಬರುತ್ತದೆ. ಗುಂಡಿ ತುಂಬಿ ಹೊರಗೆ ಹೋಗುವುದೇ ಹೆಚ್ಚು. ಹೊಲದ ನೀರನ್ನು ಮೊದಲು ಕೃಷಿಹೊಂಡದಲ್ಲಿ ನಿಲ್ಲಿಸಿ, ತಿಳಿಯಾದ ಮೇಲೆ ಗುಂಡಿಗೆ ಬಿಟ್ಟರೆ ಅದೇ ಗುಂಡಿ ಮೂರ್ನಾಲ್ಕು ಪಟ್ಟು ಕೆಲಸ ಮಾಡುತ್ತದೆ.

ಗುಂಡಿಯೊಳಗೆ ಬರುವ ಕೇಸಿಂಗಿನ ಕೆಳಗಿನ ಮೂರು ನಾಲ್ಕು ಅಡಿಗೆ ಸಣ್ಣ ತೂತು ಹಾಕಿ, ನೈಲಾನ್ ಮೆಶ್ ಎರಡು ಸುತ್ತು ಬಿಗಿಯಾಗಿ ಕಟ್ಟಿ. ತಳಕ್ಕೆ ದಪ್ಪ ಕಲ್ಲು, ಮೇಲೆ 40 ಮಿ.ಮೀ. ಜಲ್ಲಿ, ಅದರ ಮೇಲೆ 20 ಮಿ.ಮೀ., ಮೆಶ್ ಹಾಸಿ ಕೊನೆಗೆ ಮರಳು. ಕಲ್ಲನ್ನು ಜೆಸಿಬಿಯಿಂದ ಒಮ್ಮೆಲೆ ಸುರಿದರೆ ಪಿವಿಸಿ ಕೇಸಿಂಗ್ ಒಡೆಯುತ್ತದೆ. ಸುತ್ತ ಕೈಯಿಂದ ಜೋಡಿಸಿ. ಓಡುತ್ತಿರುವ ಬೋರ್‌ನ ಕೇಸಿಂಗಿಗೆ ತೂತು ಹಾಕುವುದು ನಮಗೆ ಒಪ್ಪಿಗೆಯಿಲ್ಲ, ಒಂದು ಸಲ ಮೆಶ್ ಹರಿದರೆ ಕೆಸರು ಪಂಪಿಗೇ ಹೋಗುತ್ತದೆ. ಕೊಟ್ಟಿಗೆ, ಶೌಚದ ಗುಂಡಿ, ಔಷಧಿ ಕಲಸುವ ಜಾಗದ ನೀರು ಈ ಕಡೆ ಹರಿಯದಂತೆ ಬದು ಹಾಕಿ. ಬಂಡೆಯ ಬಿರುಕಿಗೆ ಸೋಸುವ ಶಕ್ತಿ ಇಲ್ಲ, ಹೋದದ್ದು ಹೋದ ಹಾಗೆಯೇ ಪಕ್ಕದವರ ನಲ್ಲಿಯಲ್ಲಿ ಬರುತ್ತದೆ.

ಮೇಲಿನ ಎರಡು ಮೂರು ಇಂಚು ಮರಳನ್ನು ಪ್ರತಿ ವರ್ಷ ಮಳೆಗೆ ಮೊದಲು ತೆಗೆದು ತೊಳೆದು ಹಾಕಬೇಕು. ಅದೇ ಸಮಯಕ್ಕೆ ಟ್ಯಾಂಕರ್ ಪರೀಕ್ಷೆ ಮತ್ತೊಮ್ಮೆ ಮಾಡಿ. 300 ಇದ್ದದ್ದು 100ಕ್ಕೆ ಇಳಿದಿದ್ದರೆ ಬಿರುಕಿನ ಬಾಯಿಗೆ ಹೂಳು ಕಟ್ಟಿದೆ. ಕಂಪ್ರೆಸರ್ ತರಿಸಿ ಫ್ಲಶಿಂಗ್ ಮಾಡಿಸಿ, ಹೂಳು ಎಲ್ಲಿಂದ ಬಂತು ಎಂದು ಗುಂಡಿಯ ಮೆಶ್ ಬಿಚ್ಚಿ ನೋಡಿ.